ಜೆಮಿನಿ ಸರ್ಕಲ್ಲಿನ ಮೂರು ನಿಮಿಷ

ಪ್ರೀತಿಯ ಮಾರಾಯ,

ಮೂರು ದಿನದಿಂದ ನಿನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಸಿಟ್ಟು ಮಾಡಬೇಡ. ಅಮೆರಿಕದ ಹೋಟೆಲಿನಲ್ಲಿ ತರಬೇತಿಗೆ ಹೋಗುವ ಜೆ-1 ವೀಸಾ "ಆಯ್ತಾ ಇಲ್ವಾ?" ಅಂತ ನೀನು ಒಂದೇ ಸಾಲಲ್ಲಿ ಕೇಳಿಬಿಟ್ಟೆ. ಮುಂದಿನ ತಿಂಗಳು ಅದೇ ಕಿಟಕಿಯೆದುರು ನಿಲ್ಲುವವನಿಗೆ ಒಂದೇ ಸಾಲಿನ ಉತ್ತರ ಸಾಲುವುದಿಲ್ಲ ಅಂತ ಈ ಪತ್ರ. ನಮ್ಮ ಬ್ಯಾಚಿನ ಉಳಿದವರೂ ಓದಲಿ.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು ಅಂತ ನಾವು ಕುಣಿದೆವಲ್ಲ, ವೀಸಾ ಸಂದರ್ಶನಕ್ಕೆ ಮಾತ್ರ ಚೆನ್ನೈಯ ಜೆಮಿನಿ ಸರ್ಕಲ್ಲಿನ ಕಾನ್ಸುಲೇಟಿಗೇ ಹೋಗಬೇಕಾಯಿತು. ಮಂಗಳೂರಿನಿಂದ ಮಧ್ಯಾಹ್ನದ ಮೇಲ್ ರೈಲು ಹತ್ತಿ ಬೆಳಗಿನ ಜಾವ ಇಳಿದೆ. ಮೊದಲ ದಿನ ಬೆರಳಚ್ಚು, ಫೋಟೋ ಅಷ್ಟೆ. ಮರುದಿನ ಸಂದರ್ಶನ.

ಫೈಲು ಎಷ್ಟು ದಪ್ಪ ಇತ್ತು ಅಂದರೆ, ಅಮ್ಮ ಅದನ್ನು ಮದುವೆ ಸೀರೆಯ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದಳು. ತರಬೇತಿಗೆ ಅರ್ಹನೆಂಬ ಡಿಎಸ್-2019 ಪತ್ರ, ಡಿಎಸ್-160 ಅನ್ನುವ ವೀಸಾ ಅರ್ಜಿಯ ಕನ್ಫರ್ಮೇಶನ್, ಹೊರಗಿನಿಂದ ಕಲಿಯಲು ಬರುವವರ ದಾಖಲೆ ಇಡುವ ಸೆವಿಸ್‌ಗೆ ಕಟ್ಟಿದ 220 ಡಾಲರ್ ರಸೀದಿ, 185 ಡಾಲರ್ ವೀಸಾ ಶುಲ್ಕದ ರಸೀದಿ, ಮಾರ್ಕ್ಸ್ ಕಾರ್ಡುಗಳು, ಮಾವನ ಹೋಟೆಲಿನ ಲೈಸೆನ್ಸಿನ ಜೆರಾಕ್ಸ್. ಡಿಎಸ್-7002 ಅಂತ ಒಂದು ಉಂಟಲ್ಲ, ನಮ್ಮ ತರಬೇತಿಯ ಯೋಜನೆ, ಅದನ್ನು ಸಹಿ ಹಾಕುವಾಗ ಒಮ್ಮೆ ನೋಡಿದ್ದು ಬಿಟ್ಟರೆ ನಾನು ಓದಿಯೇ ಇರಲಿಲ್ಲ. ಇದೇ ತಪ್ಪು ನೀನು ಮಾಡಬೇಡ.

ಯಾಕೆಂದರೆ ನಮ್ಮ ಏಜೆನ್ಸಿಯವರು ಕಲಿಸಿದ್ದು ಬೇರೆಯೇ. (ಹೆಸರು ಬೇಡ, ನಿನಗೆ ಗೊತ್ತುಂಟು.) "ಕೆಲಸ ಅನ್ನುವ ಶಬ್ದ ಬಾಯಿಂದ ಬರಬಾರದು. ಸಾಂಸ್ಕೃತಿಕ ವಿನಿಮಯ ಅನ್ನಬೇಕು." ಜೆ-1 ವೀಸಾದ ಬುಡದಲ್ಲಿ 1961ರ ವಿನಿಮಯ ಕಾಯ್ದೆ ಇರುವುದು ಸತ್ಯ. ಹಾಗಂತ ಹೋಟೆಲ್ ಕಲಿಯಲು ಹೊರಟವನು ಹೋಟೆಲಿನ ಮಾತೇ ಆಡಬಾರದೆಂದರೆ ಹೇಗೆ? ನಾನಂತೂ ಅವರು ಕೊಟ್ಟ ಹತ್ತು ಉತ್ತರಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಸಾಲಿನಲ್ಲಿ ನಿಂತಾಗ ಕೈಯಲ್ಲಿ ಮೊಬೈಲ್ ಇಲ್ಲ, ಒಳಗೆ ಬಿಡುವುದಿಲ್ಲ. ಮಾಡಲು ಕೆಲಸವಿಲ್ಲದೆ ಮೇಲ್ಸೇತುವೆ ನೋಡುತ್ತ ನಿಂತೆ. ಅಲ್ಲಿಂದ ಸ್ವಲ್ಪವೇ ಮುಂದೆ, ಕ್ಯಾಥೆಡ್ರಲ್ ರಸ್ತೆಯಲ್ಲಿ, ಈಗ ಸೆಮ್ಮೊಳಿ ಪೂಂಗಾ ಅನ್ನುವ ಪಾರ್ಕ್ ಇರುವ ಜಾಗದಲ್ಲೇ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇದ್ದದ್ದು. 1962ರಿಂದ 2008ರವರೆಗೆ ಕಾರಿನೊಳಗೆ ಕೂತವರಿಗೆ ದೋಸೆ ಕೊಟ್ಟ ಜಾಗ. ಕಟ್ಟಿದವರು ನಮ್ಮ ಕಡೆಯ ಕಡಂದಲೆ ಕೃಷ್ಣ ರಾಯರು, ಮದ್ರಾಸಿಗೆ ಬರಿಗೈಯಲ್ಲಿ ಹೋಗಿ ಚಾಕರಿಯಿಂದ ಶುರು ಮಾಡಿದವರು. ಕಾಲೇಜಿನಲ್ಲಿ ಇದನ್ನು ಪಾಠ ಮಾಡಿದಾಗ ನಾವಿಬ್ಬರೂ ಹಿಂದಿನ ಬೆಂಚಿನಲ್ಲಿ ಗೇರುಬೀಜ ತಿನ್ನುತ್ತಿದ್ದೆವು. ಅವತ್ತು ಬಿಸಿಲಿನಲ್ಲಿ ನಿಂತಾಗ ನೆನಪಾಯಿತು: ರಾಯರಿಗೆ "ನೀನು ಊರಿಗೆ ವಾಪಸ್ ಹೋಗುತ್ತೀಯಾ?" ಅಂತ ಯಾರೂ ಕೇಳಿರಲಿಕ್ಕಿಲ್ಲ. ನನ್ನನ್ನು ಕೇಳುವುದೇ ಅದನ್ನು. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ ಹೋದವನು ಅಲ್ಲೇ ಉಳಿಯುವವನೆಂದೇ ಲೆಕ್ಕ. ಅಲ್ಲ ಅಂತ ತೋರಿಸಿಕೊಡುವುದು ನಮ್ಮ ಹೊಣೆ.

ನನಗಿಂತ ಮುಂದಿದ್ದ ಹುಡುಗ ಕೈಯಲ್ಲಿ ಪಾಸ್‌ಪೋರ್ಟು, ಒಂದು ಚೀಟಿ ಹಿಡಿದುಕೊಂಡು ತಿರುಗಿದ. ಪಾಸ್‌ಪೋರ್ಟು ಕೈಗೆ ವಾಪಸ್ ಬಂತೆಂದರೆ ಸಾಮಾನ್ಯವಾಗಿ ಆಗಲಿಲ್ಲ ಅಂತ ಅರ್ಥ. ಅವನ ಮುಖ ನೋಡಲಾಗಲಿಲ್ಲ ನನಗೆ.

ಗಾಜಿನ ಆಚೆ ಒಬ್ಬ ಹೆಂಗಸು, ನಮ್ಮ ಚಿಕ್ಕಮ್ಮನ ಪ್ರಾಯ ಇರಬಹುದು. ಮೈಕಿನಲ್ಲಿ ದನಿ ಒಡೆದು ಬರುತ್ತಿತ್ತು. ಯಾಕೆ ಹೋಗುತ್ತೀ ಅಂದರು. ನಾನು ಸಾಂಸ್ಕೃತಿಕ ವಿನಿಮಯದ ಮಗ್ಗಿ ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ಕೈ ಎತ್ತಿ ನಿಲ್ಲಿಸಿದರು. "ಹನ್ನೆರಡು ತಿಂಗಳಲ್ಲಿ ಯಾವ ಯಾವ ವಿಭಾಗ?"

ಹೋಟೆಲ್ ತರಬೇತಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಾದರೆ ಕಡಿಮೆಯೆಂದರೂ ಮೂರು ವಿಭಾಗ ಸುತ್ತಿಸಬೇಕೆಂಬ ನಿಯಮ ಉಂಟಂತೆ. ಇದು ನನಗೆ ಆಮೇಲೆ ಗೊತ್ತಾದದ್ದು. ಬೆಳಗಿನ ಅಡುಗೆಮನೆ, ಬ್ಯಾಂಕ್ವೆಟ್ ಅಂದೆ. ಮೂರನೆಯದು ನೆನಪಾಗಲಿಲ್ಲ. ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯುವುದು ಗೊತ್ತಾಗುತ್ತಿತ್ತು. ಕೊನೆಗೆ "ಫ್ರಂಟ್ ಆಫೀಸ್" ಅಂತ ಬಾಯಿಗೆ ಬಂತು, ದೇವರ ದಯೆ.

"ಆಮೇಲೆ?"

ಮಾವನ ಹೋಟೆಲಿಗೆ ಬರುತ್ತೇನೆ ಅಂದೆ. ಅಲ್ಲಿ ಏನು ಬದಲು ಮಾಡುತ್ತೀ ಅಂದರು. ಇದಕ್ಕೆ ಏಜೆನ್ಸಿಯ ಉತ್ತರ ಇರಲಿಲ್ಲ, ಅದೇ ಒಳ್ಳೆಯದಾಯಿತು. ನಮ್ಮ ಮಾಣಿ ಹನ್ನೊಂದು ಟೇಬಲಿನ ಬಿಲ್ಲನ್ನು ತಲೆಯಲ್ಲಿಟ್ಟುಕೊಂಡು ಗಲ್ಲಾಪೆಟ್ಟಿಗೆಯ ಕಡೆಗೆ ಕೂಗಿ ಹೇಳುತ್ತಾನೆ, ಅವನು ರಜೆ ಹಾಕಿದ ದಿನ ಮಾವನಿಗೆ ನಷ್ಟ ಅಂದೆ. ಮುನ್ನೂರು ಜನರ ಊಟವನ್ನು ಯಾರೂ ಬೊಬ್ಬೆ ಹಾಕದೆ ಹೇಗೆ ಬಡಿಸುತ್ತಾರೆ ಅಂತ ನೋಡಿಕೊಂಡು ಬರಬೇಕು ಅಂದೆ. ಆಕೆ ನಕ್ಕರು ಮಾರಾಯ! ಏನೋ ಟೈಪ್ ಮಾಡಿದರು. ಪಾಸ್‌ಪೋರ್ಟನ್ನು ತಮ್ಮ ಬದಿಗೇ ಇಟ್ಟುಕೊಂಡರು. ಅಷ್ಟೆ. ಅಮ್ಮನ ಫೈಲಿನಿಂದ ಕೇಳಿದ್ದು ಡಿಎಸ್-2019 ಒಂದೇ.

ನಿನಗೆ ಮಾತ್ರ ಒಂದು ಹೇಳುತ್ತೇನೆ ಅನ್ನುತ್ತಿದ್ದೆ, ಈಗ ಎಲ್ಲರಿಗೂ ಹೇಳಿದ ಹಾಗಾಯಿತು. ವಾಪಸ್ ಬರುತ್ತೇನೆ ಅಂದದ್ದು ಸುಳ್ಳಲ್ಲ. ಆದರೆ ಸಾಲಿನಲ್ಲಿ ನಿಂತು ಆ ಪಾರ್ಕಿನ ಕಡೆ ನೋಡುವಾಗ ಮನಸ್ಸು ಒಮ್ಮೆ ಅಲ್ಲಾಡಿತ್ತು. ಹೊರಗೆ ಬಂದು ಮೊಬೈಲ್ ತೆಗೆದುಕೊಂಡು ಮಾವನಿಗೆ ಫೋನ್ ಮಾಡಿದರೆ, ಅವರು ಕೇಳಿದ ಮೊದಲ ಮಾತು, "ಅಲ್ಲಿ ಕಾಫಿಗೆ ಎಷ್ಟು ಈಗ?"

ನೀನು ಡಿಎಸ್-7002 ಓದು, ಎರಡೆರಡು ಸಲ ಓದು. ಇನ್‌ಸ್ಟಾಗ್ರಾಂ ಪಬ್ಲಿಕ್ ಮಾಡಿಟ್ಟುಕೋ, ಜೆ ವೀಸಾದವರಿಗೆ 2025ರ ಜೂನಿನಿಂದ ಅದೂ ಒಂದು ನಿಯಮ. ನಿನ್ನ ಆ ಮಲ್ಪೆ ಬೀಚಿನ ಡ್ಯಾನ್ಸನ್ನು ಅವರೂ ನೋಡಿಕೊಳ್ಳಲಿ. ನಾನು ಸಾಲ ತಂದ ನಿನ್ನ ಕಪ್ಪು ಬೆಲ್ಟು ಇಲ್ಲೇ ಉಂಟು. ದಿನ ಗೊತ್ತಾದ ಕೂಡಲೇ ಹೇಳು, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಿನ್ನ,
ಹಿಂದಿನ ಬೆಂಚಿನವ