ಕಡ್ಡಾಯ ಸೈನಿಕ ಸೇವೆಯ ಬಗ್ಗೆ ಅಳಿಯನಿಗೆ ಒಂದು ಪತ್ರ

ಪೆರ್ಲ, ಕಾಸರಗೋಡು ಜಿಲ್ಲೆ

ಚಿರಂಜೀವಿ ಅಳಿಯನಿಗೆ ನಿನ್ನ ದೊಡ್ಡಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಪತ್ರ ತಲುಪಿತು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ವಿರೋಧಿಸಿ ಮಾತನಾಡಿ ಬಹುಮಾನ ಪಡೆದೆಯೆಂದು ಓದಿ ಸಂತೋಷವಾಯಿತು. ವಾದವನ್ನು ಮಾತ್ರ ನಾನು ಒಪ್ಪಲಾರೆ. ಬಲವಂತದಿಂದ ಆಳುಗಳನ್ನು ತಯಾರಿಸಬಹುದೇ ಹೊರತು ಗುಣವಂತರನ್ನು ತಯಾರಿಸಲಾಗದು ಎಂದು ಬರೆದಿದ್ದೀಯೆ. ಅದೇ ಪತ್ರದ ಕೊನೆಗೆ, ಪೆರೇಡಿನಿಂದ ಓದಿಗೆ ಅಡ್ಡಿಯಾಗುತ್ತಿದೆ, ಎನ್.ಸಿ.ಸಿ. ಬಿಟ್ಟುಬಿಡಲೇ ಎಂದೂ ಕೇಳಿದ್ದೀಯೆ. ಇವು ಎರಡು ಬೇರೆ ಬೇರೆ ಸಂಗತಿಗಳೆಂದು ನಿನಗೆ ತೋರಿರಬಹುದು. ನನಗೆ ಒಂದೇ ಪ್ರಶ್ನೆಯಾಗಿ ಕಂಡುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಕಡ್ಡಾಯ ಸೇವೆ ನಮ್ಮ ಸಂವಿಧಾನಕ್ಕೇ ವಿರುದ್ಧವೆಂದು ನೀನು ಹೇಳಿದ್ದು ಸರಿಯಲ್ಲ. 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುತ್ತದೆ, ನಿಜ. ಆದರೆ ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರವು ಕಡ್ಡಾಯ ಸೇವೆಯನ್ನು ವಿಧಿಸಬಹುದೆಂದೂ, ಹಾಗೆ ವಿಧಿಸುವಾಗ ಕೇವಲ ಧರ್ಮ, ಜನಾಂಗ, ಜಾತಿ, ವರ್ಗಗಳನ್ನು ನೋಡಿ ಭೇದ ಮಾಡಬಾರದೆಂದೂ ಅದೇ ವಿಧಿಯ ಎರಡನೆಯ ಭಾಗ ಹೇಳುತ್ತದೆ. 1976ರ ತಿದ್ದುಪಡಿಯಿಂದ ಬಂದ 51ಎ ವಿಧಿಯಂತೂ ದೇಶವನ್ನು ರಕ್ಷಿಸುವುದನ್ನು, ಕರೆ ಬಂದಾಗ ರಾಷ್ಟ್ರಸೇವೆ ಸಲ್ಲಿಸುವುದನ್ನು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದೇ ಹೆಸರಿಸಿದೆ. ಬಿಟ್ಟಿ ಚಾಕರಿಯ ಕ್ರೌರ್ಯವನ್ನು ಕಣ್ಣಾರೆ ಕಂಡಿದ್ದ ಹಿರಿಯರೇ ಆ ಎರಡನೆಯ ಭಾಗವನ್ನೂ ಬರೆದಿಟ್ಟರು. ಒಬ್ಬನ ಲಾಭಕ್ಕಾಗಿ ಇನ್ನೊಬ್ಬನನ್ನು ದುಡಿಸುವುದಕ್ಕೂ, ಎಲ್ಲರ ರಕ್ಷಣೆಗಾಗಿ ಎಲ್ಲರನ್ನೂ ಸಮನಾಗಿ ಕರೆಯುವುದಕ್ಕೂ ಇರುವ ಅಂತರ ಅವರಿಗೆ ಗೊತ್ತಿತ್ತು.

ಇನ್ನು ಕಡ್ಡಾಯದ ಅನುಭವ. 1962ರ ಚೀನಾ ಯುದ್ಧದ ಬಳಿಕ, 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ.ಯನ್ನು ಕಡ್ಡಾಯಗೊಳಿಸಿದರು, 1968ರಲ್ಲಿ ಅದನ್ನು ಮತ್ತೆ ಐಚ್ಛಿಕವಾಗಿಸಿದರು. ನಾನು ಕಾಲೇಜಿನಲ್ಲಿ ಓದಿದ್ದು ಆ ವರ್ಷಗಳಲ್ಲಿಯೇ. ಸಂಜೆ ಮೈದಾನದಲ್ಲಿ ಸಾಲು ನಿಲ್ಲುತ್ತಿದ್ದೆವು. ಅರ್ಧದಷ್ಟು ಹುಡುಗರು ಬೇರೆಯವರಿಂದ ಹಾಜರಿ ಹೇಳಿಸಿ ಪೇಟೆಗೆ ಹೋಗುತ್ತಿದ್ದರು, ಸಮವಸ್ತ್ರ ಎಲ್ಲರಿಗೂ ಸಾಲುತ್ತಿರಲಿಲ್ಲ, ಪೆರೇಡ್ ಮುಗಿದೊಡನೆ ಅವರವರ ಮನೆಗೆ, ಅವರವರ ಊಟಕ್ಕೆ, ಅವರವರ ಜಾತಿಯ ಸ್ನೇಹಿತರ ಬಳಿಗೆ ಮರಳುತ್ತಿದ್ದೆವು. ಆ ಕಡ್ಡಾಯದಿಂದ ನನ್ನಲ್ಲಿ ಯಾವ ಗುಣವೂ ಬೆಳೆಯಲಿಲ್ಲ. ನಿನ್ನ ವಾದಕ್ಕೆ ಇದು ಬೆಂಬಲವೆಂದು ನೀನು ಹೇಳಬಹುದು. ನಾನು ಕಂಡುಕೊಂಡದ್ದು ಬೇರೆ: ಅಲ್ಲಿ ಕಡ್ಡಾಯವಾಗಿದ್ದುದು ಹಾಜರಿ ಪುಸ್ತಕ ಮಾತ್ರ. ಮನೆ ಬಿಟ್ಟು, ತಾನು ಆರಿಸಿಕೊಳ್ಳದ ಜನರ ನಡುವೆ, ಹಗಲೂ ರಾತ್ರಿಯೂ ಬದುಕಬೇಕಾದ ಕಡ್ಡಾಯವೇ ಬೇರೆ. ಅದನ್ನು ನಾನು ಕಂಡದ್ದು ಪದವಿ ಮುಗಿಸಿ ಬೆಂಗಳೂರಿಗೆ ಹೋಗಿ, ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ಹಲಸೂರಿನ ಕೇಂದ್ರದಲ್ಲಿ ರಿಕ್ರೂಟ್ ಆಗಿ ಸೇರಿದ ಮೇಲೆ. ಅಲ್ಲಿ ನಮ್ಮನ್ನೆಲ್ಲ ಕರೆಯುತ್ತಿದ್ದುದು ತಂಬಿ, ಅಂದರೆ ತಮಿಳಿನಲ್ಲಿ ತಮ್ಮ, ಎಂಬ ಒಂದೇ ಹೆಸರಿನಿಂದ.

ನಿನಗೆ ಒಂದೇ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ಬೈಲಿ ಸೇತುವೆಯ ಹೆಸರನ್ನು ಇಂಜಿನಿಯರಿಂಗ್ ಓದುವ ನೀನು ಕೇಳಿರಲೇಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಎಂಬ ಇಂಗ್ಲಿಷ್ ಇಂಜಿನಿಯರ್ ರೂಪಿಸಿದ, ಬಿಡಿ ಭಾಗಗಳನ್ನು ಸ್ಥಳದಲ್ಲೇ ಜೋಡಿಸಿ ಕಟ್ಟುವ ಆ ಸೇತುವೆಯ ಒಂದೊಂದು ಉಕ್ಕಿನ ಪ್ಯಾನೆಲ್ 10 ಅಡಿ ಉದ್ದ, ಸುಮಾರು 5 ಅಡಿ ಎತ್ತರ, ತೂಕದಲ್ಲಿ ಸುಮಾರು 260 ಕಿಲೋ. ಕ್ರೇನ್ ಇಲ್ಲದ ಕಡೆಯೂ ಆರು ಮಂದಿ ಎತ್ತಿ ಒಯ್ಯಬೇಕೆಂದೇ ಅದನ್ನು ಆ ಅಳತೆಗೆ ಮಾಡಿದ್ದಾರೆ. ಪ್ಯಾನೆಲಿನ ಅಡಿಗೆ ಹಾರೆಗಳನ್ನು ತೂರಿಸಿ, ಎರಡು ಬದಿಯಲ್ಲೂ ಮೂರು ಮೂರು ಮಂದಿ ನಿಂತು, ತರಬೇತಿ ಕೊಡುವ ಉಸ್ತಾದರ ಒಂದು ಕೂಗಿಗೆ ಒಟ್ಟಿಗೆ ಎತ್ತಬೇಕು. ಒಬ್ಬೊಬ್ಬನ ಪಾಲಿಗೆ ಬರುವುದು ಸುಮಾರು 43 ಕಿಲೋ. ಒಬ್ಬ ಕೈ ಸಡಿಲಿಸಿದನೆಂದರೆ ಉಳಿದ ಐವರ ಪಾಲು ಆ ಕ್ಷಣದಲ್ಲೇ 50 ದಾಟುತ್ತದೆ. ಹಾರೆಯ ಅಂಚು ಅಂಗೈಯನ್ನು ಕೊರೆಯುತ್ತದೆ, ಹೊಳೆಬದಿಯ ಕೆಸರಿನಲ್ಲಿ ಬೂಟು ಹೂತುಹೋಗುತ್ತದೆ, ಯಾರು ಮೈಗಳ್ಳತನ ಮಾಡಿದ ಎಂಬುದು ಪಕ್ಕದವನ ಮುಖದಲ್ಲೇ ಕಾಣುತ್ತದೆ. ಅಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ಮಾರನೆಯ ದಿನ ಅದೇ ಆರು ಮಂದಿ, ಅದೇ ಪ್ಯಾನೆಲ್.

ನಮ್ಮನ್ನು ನಿಲ್ಲಿಸುತ್ತಿದ್ದುದು ಎತ್ತರ ನೋಡಿ. ನಾನು ಹುಟ್ಟಿ ಬೆಳೆದ ಮನೆಯ ಚಾವಡಿಯಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದು ನಾನು ಹುಟ್ಟುವ ಮೊದಲೇ ನಿಶ್ಚಯವಾಗಿತ್ತು. ಇಲ್ಲಿ ನನ್ನ ಎದುರು ಹಾರೆ ಹಿಡಿದವನು ಧರ್ಮಪುರಿಯ ಕೂಲಿಕಾರನ ಮಗ, ಪಕ್ಕದಲ್ಲಿ ತ್ರಿಶೂರಿನವನೊಬ್ಬ, ಅವನಾಚೆ ನೆಲ್ಲೂರಿನವನು. ಸೈನ್ಯದ ಊಟದ ಮನೆಯಾದ ಲಂಗರಿನಲ್ಲಿ ಒಂದೇ ಸಾಲು, ಒಂದೇ ಸೌಟು. ಮೊದಲ ತಿಂಗಳು ನನಗೆ ಅನ್ನ ಗಂಟಲಿಳಿಯುತ್ತಿರಲಿಲ್ಲ. ಆಮೇಲೆ ಆ ಯೋಚನೆಗೆ ಬಿಡುವೇ ಸಿಗಲಿಲ್ಲ. ಜಾತಿಭೇದ ತಪ್ಪೆಂದು ನಾನು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ, ಆದರೆ ಅದು ಮೈಯಿಂದ ಬಿಟ್ಟುಹೋದದ್ದು ಆ ಸಾಲಿನಲ್ಲಿ.

ಗುಣ ಎಂದು ನಾನು ಹೇಳುವುದು ಇದನ್ನೇ. ಶೌರ್ಯ, ಎದೆಗಾರಿಕೆ ಮುಂತಾದ ದೊಡ್ಡ ಮಾತುಗಳನ್ನು ಬದಿಗಿಡು. ನಡುರಾತ್ರಿಯ ಕಾವಲಿನಲ್ಲಿ ನಿಂತವನಿಗೆ, ಬದಲಿಯವನು ಹೊತ್ತಿಗೆ ಸರಿಯಾಗಿ ಬಂದೇ ಬರುತ್ತಾನೆಂಬ ನಂಬಿಕೆಯಿರಬೇಕು; ಬರಬೇಕಾದವನಿಗೆ, ಅಲ್ಲೊಬ್ಬ ಚಳಿಯಲ್ಲಿ ನನ್ನ ದಾರಿ ಕಾಯುತ್ತಿದ್ದಾನೆಂಬ ಎಚ್ಚರವಿರಬೇಕು. ಯಾರೂ ನೋಡದಿದ್ದರೂ, ಯಾರೂ ಹೊಗಳದಿದ್ದರೂ ತನ್ನ ಪಾಲನ್ನು ತಾನು ಹೊರುವವನು ಮುಂದೆ ಬ್ಯಾಂಕಿನಲ್ಲಿ ಕೂತರೂ, ತೋಟದಲ್ಲಿ ಅಡಕೆ ಸುಲಿಸಿದರೂ ನಂಬಿಕಸ್ಥನಾಗಿಯೇ ಇರುತ್ತಾನೆ. ಸೈನ್ಯದಿಂದ ಬಂದವರೆಲ್ಲ ಹಾಗಿರುತ್ತಾರೆಂದು ನಾನು ಹೇಳುವುದಿಲ್ಲ. ಕುಡಿತಕ್ಕೆ ಬಿದ್ದವರನ್ನೂ, ಮನೆಯವರ ಮೇಲೆ ಹವಾಲ್ದಾರಿಕೆ ನಡೆಸುವವರನ್ನೂ ನಾನು ಬಲ್ಲೆ. ಆದರೆ ಆ ಅಭ್ಯಾಸ ಕೂಡಿಬರಲು ಬೇಕಾದ ಸನ್ನಿವೇಶವನ್ನು ಬ್ಯಾರಕಿನಷ್ಟು ಸಮರ್ಥವಾಗಿ ಒದಗಿಸುವ ಇನ್ನೊಂದು ಜಾಗವನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ.

ಹಾಗಾದರೆ ಇಷ್ಟವಿದ್ದವರು ಹೋಗಲಿ, ಕಡ್ಡಾಯವೇಕೆ ಎಂದು ಕೇಳುವೆ. ಈ ಪಾಠ ಯಾರಿಗೆ ಹೆಚ್ಚು ಬೇಕೋ ಅವರು ತಾವಾಗಿ ಹೋಗುವುದಿಲ್ಲ ಎಂಬುದೇ ಉತ್ತರ. ಅನುಕೂಲಸ್ಥರ ಮಕ್ಕಳು ತಮ್ಮಂಥವರದೇ ಶಾಲೆ, ತಮ್ಮಂಥವರದೇ ಕಾಲೇಜು, ತಮ್ಮಂಥವರದೇ ಕಂಪನಿ ಎಂದು ಸಾಗಿ, ಬೇರೆಯವರ ಬದುಕಿನ ಭಾರವನ್ನು ಒಮ್ಮೆಯೂ ಮುಟ್ಟದೆ ದೊಡ್ಡ ಹುದ್ದೆಗೇರುತ್ತಾರೆ. ಗಡಿ ಕಾಯುವ ಕೆಲಸ ಬಡವರ ಮಕ್ಕಳ ಹೊಟ್ಟೆಪಾಡಾಗಿ ಉಳಿಯುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಕಾನೂನಿನಂತೆ, 300 ಡಾಲರ್ ಕಟ್ಟಿದವನಿಗೆ ಸೇವೆಯಿಂದ ವಿನಾಯಿತಿ ಸಿಗುತ್ತಿತ್ತು, ಬಡವರು ದಂಗೆಯೆದ್ದರು. ಹಾಗೆ ಹಣಕ್ಕೆ ಬಾಗುವ ಕಡ್ಡಾಯ ಬಂದರೆ ವಿರೋಧಿಸುವವರಲ್ಲಿ ನಾನೂ ಇರುತ್ತೇನೆ. ದಕ್ಷಿಣ ಕೊರಿಯಾವನ್ನು ನೋಡು. ನಿನ್ನ ತಂಗಿ ಗೋಡೆಯ ಮೇಲೆ ಚಿತ್ರ ಅಂಟಿಸಿಕೊಂಡಿರುವ ಬಿಟಿಎಸ್ ತಂಡದ ಏಳು ಮಂದಿ ಹುಡುಗರು, ಜಗತ್ಪ್ರಸಿದ್ಧರಾಗಿದ್ದರೂ, ಹಾಡು ನಿಲ್ಲಿಸಿ ತಮ್ಮ ತಮ್ಮ ಸರದಿಯಲ್ಲಿ ಸೇವೆಗೆ ಹೋಗಿ ಬಂದರು. ಅವರಲ್ಲೊಬ್ಬ ಸೈನ್ಯದ ಬದಲು ಸಮಾಜಸೇವೆಯ ಕೆಲಸವನ್ನು ಮಾಡಿದ. ಸ್ವಿಟ್ಜರ್ಲೆಂಡಿನಲ್ಲಿ 2013ರಲ್ಲಿ ಕಡ್ಡಾಯ ಸೇವೆಯನ್ನು ಕೈಬಿಡಬೇಕೇ ಎಂದು ಜನಮತ ಕೇಳಿದಾಗ ಶೇಕಡಾ 73ರಷ್ಟು ಮಂದಿ ಕೈಬಿಡುವುದು ಬೇಡ, ಇರಲಿ ಎಂದರು. ಸ್ವೀಡನ್ 2010ರಲ್ಲಿ ನಿಲ್ಲಿಸಿದ್ದನ್ನು ಕೆಲವೇ ವರ್ಷಗಳಲ್ಲಿ ಮತ್ತೆ ಆರಂಭಿಸಿತು. ನಾರ್ವೆಯಲ್ಲಿ ಹೆಣ್ಣುಮಕ್ಕಳಿಗೂ ಅದು ಸಮನಾಗಿ ಅನ್ವಯಿಸುತ್ತದೆ, ಅದೇ ನ್ಯಾಯವೆಂದು ನನಗೂ ಅನ್ನಿಸುತ್ತದೆ.

ನಿನ್ನ ಆಕ್ಷೇಪಗಳಲ್ಲಿ ಒಂದು ಮಾತ್ರ ನಿಜವಾಗಿಯೂ ತೂಕವುಳ್ಳದ್ದು. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಂದಿಗೆ 18 ತುಂಬುತ್ತದೆ. ಅಷ್ಟು ಜನರಿಗೆ ಬಂದೂಕು ಕೊಟ್ಟು ತರಬೇತಿ ನೀಡುವುದು ಸಾಧ್ಯವೂ ಅಲ್ಲ, ಆಧುನಿಕ ಯುದ್ಧಕ್ಕೆ ಮನಸ್ಸಿಲ್ಲದ ಸೈನಿಕ ಬೇಕಾಗಿಯೂ ಇಲ್ಲ. ಒಪ್ಪುತ್ತೇನೆ. ಆದ್ದರಿಂದಲೇ ನಾನು ಕೇಳುವುದು ಸೈನಿಕ ಶಿಸ್ತಿನಡಿಯ ಒಂದು ವರ್ಷವನ್ನು, ಎಲ್ಲರನ್ನೂ ಗಡಿಗೆ ಕಳುಹಿಸುವುದನ್ನಲ್ಲ. ಮನೆಯಿಂದ ದೂರದ ಶಿಬಿರ, ಕವಾಯತು, ಪ್ರಥಮ ಚಿಕಿತ್ಸೆ, ನೆರೆ ಮತ್ತು ಭೂಕುಸಿತದ ಹೊತ್ತಿನ ರಕ್ಷಣಾ ಕಾರ್ಯ, ಇಷ್ಟು ಸಾಕು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಜರಿದಾಗ ಏನಾಯಿತೆಂದು ನೀನೂ ನೋಡಿದ್ದೀಯೆ. ಚೂರಲ್‌ಮಲೆಯ ಹೊಳೆಗೆ ನಮ್ಮ ಮದ್ರಾಸ್ ಸ್ಯಾಪರ್ಸ್‌ನವರು 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಯೊಳಗೆ ಕಟ್ಟಿ ಮುಗಿಸಿದರು. ಆ ಕೆಲಸದಲ್ಲಿ ಮುಂಚೂಣಿಯಲ್ಲಿದ್ದ ಮೇಜರ್ ಸೀತಾ ಶೆಲ್ಕೆಯವರ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ನನ್ನ ಕಣ್ಣು ತುಂಬಿಬಂತು. ಅಲ್ಲಿಗೆ ಓಡಿಬಂದ ಸ್ಥಳೀಯ ಯುವಕರಿಗೆ ಧೈರ್ಯದ ಕೊರತೆ ಇರಲಿಲ್ಲ. ಊರೂರಿನ ಯುವಕರಿಗೆ ಒಂದು ವರ್ಷದ ತರಬೇತಿ ಇದ್ದಿದ್ದರೆ ಎಂದು ಆ ವಾರವೆಲ್ಲ ಯೋಚಿಸುತ್ತಿದ್ದೆ. ನಮ್ಮ ಪಯಸ್ವಿನಿ, ಶಿರಿಯಾ ಹೊಳೆಗಳೂ ಆಷಾಢದಲ್ಲಿ ಸುಮ್ಮನಿರುವುದಿಲ್ಲ.

ನಮ್ಮ ಗಡಿನಾಡಿನ ಮಕ್ಕಳಿಗೆ ಇದು ಇನ್ನೂ ಒಂದು ಕಾರಣಕ್ಕಾಗಿ ಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾನು ಶಾಲೆಗೆ ಹೋಗುವ ಹುಡುಗ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ಹೇಳಿದರೂ ಅದು ಜಾರಿಯಾಗಲಿಲ್ಲ. ಈ ನೋವು ನ್ಯಾಯವಾದದ್ದು, ಅದನ್ನು ಮರೆಯೆಂದು ನಾನು ಹೇಳಲಾರೆ. ಆದರೆ ಮನೆಯೊಳಗೇ ಕೂತು ಸಾಕಿದ ನೋವು ಹುಡುಗರನ್ನು ಮುದುಡಿಸುತ್ತದೆ; ಕಚೇರಿಯ ಕಿಟಕಿಯ ಮುಂದೆ ನಿಂತು ಎರಡು ಮಾತು ಗಟ್ಟಿಯಾಗಿ ಆಡಲೂ ಅಂಜುವವರನ್ನು ನಾನು ನೋಡಿದ್ದೇನೆ. ನಾನು ಜ್ವರದಲ್ಲಿ ಮಲಗಿದ್ದಾಗ ನನ್ನ ಕಾವಲಿನ ಪಾಳಿಯನ್ನು ತನ್ನದರ ಜೊತೆಗೆ ಮಾಡಿ ಮುಗಿಸಿದವನು ಆ ತ್ರಿಶೂರಿನ ಮಲಯಾಳಿ. ಊರಿಗೆ ಮರಳಿದ ಮೇಲೆ ಕನ್ನಡದ ಹಕ್ಕಿಗಾಗಿ ಸಭೆಗಳಿಗೆ ಹೋಗಿದ್ದೇನೆ, ಮನವಿಗಳಿಗೆ ಸಹಿ ಹಾಕಿದ್ದೇನೆ, ಅಧಿಕಾರಿಗಳೊಡನೆ ಮುಖಕ್ಕೆ ಮುಖ ಕೊಟ್ಟು ವಾದಿಸಿದ್ದೇನೆ. ಮಲಯಾಳ ಮಾತನಾಡುವ ಒಬ್ಬನನ್ನೂ ದ್ವೇಷಿಸಬೇಕೆಂದು ಅನ್ನಿಸಲಿಲ್ಲ. ಹಕ್ಕಿಗಾಗಿ ನಿಲ್ಲುವ ಗಟ್ಟಿತನವೂ ಎದುರಿನವನನ್ನು ಮನುಷ್ಯನಾಗಿ ಕಾಣುವ ಹದವೂ ನನಗೆ ಒಂದೇ ಕಡೆಯಿಂದ ಬಂದವು.

ನಿನ್ನ ಎನ್.ಸಿ.ಸಿ. ವಿಷಯ. ಬಿಡಬೇಡ. ಕಾನೂನು ನಿನ್ನನ್ನು ಕರೆಯುವುದಿಲ್ಲವಾದ್ದರಿಂದ ಆ ಕಡ್ಡಾಯವನ್ನು ನೀನೇ ನಿನ್ನ ಮೇಲೆ ಹಾಕಿಕೊಳ್ಳಬೇಕು. ಪೆರೇಡಿಗೆ ಹೋಗಿ ಬಂದರೆ ಸಾಲದು. ಶಿಬಿರಗಳನ್ನು ತಪ್ಪಿಸಬೇಡ, ಅದರಲ್ಲೂ ಬೇರೆ ರಾಜ್ಯದವರೊಡನೆ ಇರಬೇಕಾದ ಶಿಬಿರಕ್ಕೆ ಅವಕಾಶ ಸಿಕ್ಕರೆ ಬೇರೆಲ್ಲವನ್ನೂ ಬಿಟ್ಟು ಹೋಗು. ‘ಸಿ’ ಸರ್ಟಿಫಿಕೇಟ್ ಇದ್ದು ಪದವಿಯಲ್ಲಿ ಶೇಕಡಾ 50 ಅಂಕಗಳಿದ್ದರೆ ವಿಶೇಷ ಪ್ರವೇಶದ ಮೂಲಕ, ಲಿಖಿತ ಪರೀಕ್ಷೆಯಿಲ್ಲದೆ, ಸೈನ್ಯದ ಅಧಿಕಾರಿ ಹುದ್ದೆಗೆ ಆಯ್ಕೆ ಮಾಡುವ ಎಸ್.ಎಸ್.ಬಿ. ಮಂಡಳಿಯ ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಆ ದಾರಿ ಹಿಡಿಯುವುದೂ ಬಿಡುವುದೂ ನಿನ್ನ ಇಷ್ಟ, ನಾನು ಒತ್ತಾಯಿಸುವುದಿಲ್ಲ. ಓದಿಗೆ ಅಡ್ಡಿ ಎಂದೆಯಲ್ಲ, ಮುಂಜಾನೆ ಒಂದು ಗಂಟೆ ಮೊದಲೇ ಏಳುವುದನ್ನು ಅಭ್ಯಾಸ ಮಾಡಿಕೋ, ಎರಡಕ್ಕೂ ಹೊತ್ತು ಸಿಗುತ್ತದೆ.

ಮುಂದಿನ ಶಿಬಿರಕ್ಕೆ ಹೆಸರು ಕೊಟ್ಟು ನನಗೆ ತಿಳಿಸು. ಹಳೆಯ ಬೂಟು ಕಾಲಿಗೆ ಬಿಗಿಯಾಗಿದೆಯೆಂದು ನಿನ್ನ ತಾಯಿ ಹೇಳುತ್ತಿದ್ದಳು. ಹೊಸದಕ್ಕೆ ಹಣ ಕಳುಹಿಸುತ್ತೇನೆ, ಹೊರಡುವ ಮೊದಲೇ ಎರಡು ವಾರ ಹಾಕಿಕೊಂಡು ಓಡಾಡಿ ಪಳಗಿಸಿಕೋ. ತಾಯಿಗೆ ಒಳಗೊಳಗೇ ಅಂಜಿಕೆ ಇದೆ. ಅವಳೊಡನೆ ನಾನೇ ಮಾತನಾಡುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮಾವ