ತಲೆಯಾಡಿಸುವ ಕ್ಲಾಸಿನ ಬಗ್ಗೆ

ಚಿ. ಮಗಳಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ. ನನ್ನ ಮನಸ್ಸು ಕಾಲೇಜಿನ ನಿನ್ನ ಗಣಿತ ಪಾಠದ ಬಗ್ಗೆ ನೀನು ಪತ್ರದಲ್ಲಿ ಬರೆದ ಒಂದೇ ಮಾತಿಗೆ ಹೋಗಿ ನಿಂತಿದೆ: "ಜಿಯೋಜೀಬ್ರದಲ್ಲಿ ತೋರಿಸಿದರೆ ಎಲ್ಲರೂ ಅರ್ಥ ಆಯ್ತು ಅಂತಾರೆ ದೊಡ್ಡಪ್ಪ, ಟೆಸ್ಟಿನಲ್ಲಿ ಖಾಲಿ ಹಾಳೆ ಕೊಡ್ತಾರೆ. ನಾನು ಪಾಠ ಮಾಡ್ತಿದೀನಾ, ಸಿನಿಮಾ ತೋರಿಸ್ತಿದೀನಾ?"

ನಿನ್ನ ಭಯ ಸುಳ್ಳಲ್ಲ. ಗ್ರಾಫ್ ಬರೆದು ಕದಲಿಸಿ ತೋರಿಸುವ ಆ ತಂತ್ರಾಂಶದಲ್ಲಿ ಸ್ಲೈಡರ್ (ಸಂಖ್ಯೆಯ ಬೆಲೆ ಬದಲಿಸುವ ಗುಂಡಿ) ಎಳೆದ ಕೂಡಲೇ ಪರದೆ ಉತ್ತರ ಹೇಳಿಬಿಡುತ್ತದೆ. ಪ್ರಶ್ನೆ ಏನಿತ್ತೆಂದು ಹುಡುಗರಿಗೆ ಅಷ್ಟರಲ್ಲಿ ಹೊಳೆದೇ ಇರುವುದಿಲ್ಲ. ತಲೆಯಾಡಿಸದೆ ಇನ್ನೇನು ಮಾಡಿಯಾರು?

ಎಕ್ಸ್ ವರ್ಗ + ಬಿ ಎಕ್ಸ್ + 1 ಎಂಬ ಪ್ಯಾರಾಬೋಲ, ಅಂದರೆ ಬಟ್ಟಲಿನಂಥ ಕರ್ವ್, ತೆಗೆದುಕೋ. ಬಿ ಎಂಬುದಕ್ಕೆ −5ರಿಂದ 5ರವರೆಗೆ, 0.1ರ ಹೆಜ್ಜೆಯ ಸ್ಲೈಡರ್ ಮಾಡು. (ಬಿ, ಎಕ್ಸ್ ನಡುವೆ ಜಾಗ ಬಿಟ್ಟು ಟೈಪ್ ಮಾಡು. ಅಂಟಿಸಿದರೆ ಕೆಲವೊಮ್ಮೆ ಎರಡನ್ನೂ ಒಂದೇ ಹೆಸರೆಂದು ಓದಿಕೊಳ್ಳುತ್ತದೆ.) ಆಮೇಲೆ ಅದನ್ನು ಮುಟ್ಟಬೇಡ. ಬಿ ಬದಲಾದರೆ ವರ್ಟೆಕ್ಸ್ (ಕರ್ವಿನ ತೀರ ಕೆಳಗಿನ ಬಿಂದು) ಎತ್ತ ಹೋಗುತ್ತದೆ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೋರಿಸಿ ಅನ್ನು. ಎರಡು ನಿಮಿಷ ಸಾಕು. ಹೆಚ್ಚಿನವರು ಎಡಕ್ಕೂ ಬಲಕ್ಕೂ ನೇರವಾಗಿ ಎಳೆಯುತ್ತಾರೆ. ಆಗ ಎಕ್ಸ್‌ಟ್ರೀಮಮ್ ಕಮಾಂಡಿನಿಂದ ವರ್ಟೆಕ್ಸ್ ಗುರುತಿಸಿ, ಆ ಬಿಂದುವಿಗೆ ಟ್ರೇಸ್ (ಹೋದ ದಾರಿಯ ಗುರುತು ಉಳಿಸುವುದು) ಆನ್ ಮಾಡಿ ಸ್ಲೈಡರ್ ಎಳೆ. ಚುಕ್ಕಿಗಳು ಸಾಲಾಗಿ ನಿಂತು ತಲೆಕೆಳಗಾದ ಇನ್ನೊಂದು ಪ್ಯಾರಾಬೋಲ ಮೂಡುತ್ತದೆ. ಯಾರಾದರೂ "ಯಾಕೆ ಮೇಡಂ?" ಅಂದ ಕೂಡಲೇ ಪ್ರೊಜೆಕ್ಟರ್ ಆರಿಸಿಬಿಡು. ವರ್ಟೆಕ್ಸಿನ ಎಕ್ಸ್ ಬೆಲೆ −ಬಿ/2, ವೈ ಬೆಲೆ 1 − ಬಿ ವರ್ಗ/4; ಬಿ ತೆಗೆದರೆ ವೈ = 1 − ಎಕ್ಸ್ ವರ್ಗ. ಇಷ್ಟು ಅವರ ಪೆನ್ನಿನಿಂದಲೇ ಬರಬೇಕು, ನೀನು ಬೋರ್ಡಿನ ಮೇಲೆ ಬರೆಯಬೇಡ.

ನಮ್ಮ ಕಾಲದಲ್ಲಿ ಪೆನ್ನಿಗೆ ಕೆಲಸ ಕಡಿಮೆ ಇರಲಿಲ್ಲ. ನಾಲ್ಕಂಕಿ ಲಾಗ್ ಟೇಬಲ್, ಗ್ರಾಫ್ ಶೀಟು, ಬೋರ್ಡಿನ ಮೇಲೆ ಪೀರಿಯಡ್ಡಿಗೊಂದೇ ಕರ್ವ್. ಬಿ ಬದಲಾದರೆ ಏನಾಗುತ್ತದೆ ಎಂದು ಕೇಳಿದರೆ ಎರಡನೆಯದನ್ನು ಬರೆಯುವ ಮೊದಲೇ ಬೆಲ್ ಹೊಡೆಯುತ್ತಿತ್ತು. ಜಿಯೋಜೀಬ್ರ ಸಾಲ್ಜ್‌ಬರ್ಗಿನಲ್ಲಿ ಶುರುವಾದದ್ದೇ 2001ರಲ್ಲಿ. ಅದಕ್ಕೆ ಮೊದಲಿನ ಬ್ಯಾಚುಗಳು ಲೆಕ್ಕ ಸರಿ ಮಾಡಿ ಫಸ್ಟ್ ಕ್ಲಾಸು ತೆಗೆದುಕೊಂಡು ಹೋದವು, ಕರ್ವ್ ಕದಲುವುದನ್ನು ಕಾಣದೆಯೇ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹಾಗಾಗಿ ಹೆದರಿಕೊಂಡು ಲ್ಯಾಪ್‌ಟಾಪ್ ಮುಚ್ಚಿಡಬೇಡವಮ್ಮ.

ಮತ್ತೆ ಆ ಖಾಲಿ ಹಾಳೆಯೇ ಕಣ್ಣ ಮುಂದೆ ಬರುತ್ತದೆ. ಪರದೆ ಹೇಳಿದ ಮೇಲೆ ಮುಗಿಯಿತು, ತಾನು ಸಾಧಿಸಿ ತೋರಿಸುವುದು ಏನಿದೆ ಎಂಬ ಭಾವನೆಯೂ ಅದರ ಹಿಂದೆ ಇರುತ್ತದೆ. ಯಂತ್ರ ಎಡವುವುದನ್ನು ಒಮ್ಮೆ ಕಾಣಿಸು. ಪೈಥಾನ್ ಲ್ಯಾಬಿನಲ್ಲಿ (1 + 1/ಎನ್)ರ ಎನ್‌ನೇ ಘಾತ ಲೆಕ್ಕ ಹಾಕಿಸು. ಎನ್ 10ರ 8ನೇ ಘಾತವಾದಾಗ ಬರಬೇಕಾದ ಇ ಎಂಬ ಸಂಖ್ಯೆಯ ಬೆಲೆ 2.71828 ಬರುತ್ತದೆ, ಎಲ್ಲರಿಗೂ ಖುಷಿ. 15ನೇ ಘಾತಕ್ಕೆ 3.035. 16ನೇ ಘಾತಕ್ಕೆ ಬರೀ 1. ಈ ಸೀಕ್ವೆನ್ಸ್ (ಸಂಖ್ಯೆಗಳ ಸಾಲು) 3 ದಾಟುವುದಿಲ್ಲ ಎಂದು ಬೈನಾಮಿಯಲ್ ವಿಸ್ತರಣೆಯಿಂದ ಹಿಂದಿನ ವಾರವಷ್ಟೇ ಸಾಧಿಸಿರುತ್ತೀರಿ, ಹಾಗಾದರೆ ಯಾರದು ಸರಿ ಎಂದು ಕೇಳು. ಕಂಪ್ಯೂಟರ್ ಸುಮಾರು 16 ಸಾರ್ಥಕ ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. 1ಕ್ಕೆ ಅಷ್ಟು ಸಣ್ಣದನ್ನು ಕೂಡಿಸಿದಾಗ ಮೊದಲು ಅದು ತಪ್ಪಾಗಿ ದುಂಡಾಗುತ್ತದೆ, ಆಮೇಲೆ ಪೂರ್ತಿ ಕಳೆದೇಹೋಗುತ್ತದೆ. ಪ್ರೂಫ್ ಯಾಕೆ ಬೇಕು ಎಂಬ ಪ್ರಶ್ನೆ ಆ ದಿನ ಯಾರಿಂದಲೂ ಬರಲಾರದು.

ಲ್ಯಾಬ್ ರೆಕಾರ್ಡಿನ ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡಿ ಬರುವವರಿದ್ದೇ ಇರುತ್ತಾರೆ. ಬೈದು ಫಲವಿಲ್ಲ. 1/ಎಕ್ಸ್‌ನ ಇಂಟಿಗ್ರಲ್ಲನ್ನು −1ರಿಂದ 1ಕ್ಕೆ ಟ್ರಪಿಜಾಯ್ಡಲ್ ನಿಯಮದಲ್ಲಿ (ಕರ್ವಿನ ಕೆಳಗಿನ ಜಾಗವನ್ನು ಪಟ್ಟಿಗಳಾಗಿ ಕತ್ತರಿಸಿ ಕೂಡುವ ವಿಧಾನ) ಮಾಡಿಸು. 7 ಭಾಗ ಮಾಡಿದರೆ ಉತ್ತರ ಹೆಚ್ಚುಕಡಿಮೆ ಸೊನ್ನೆ. 8 ಮಾಡಿದರೆ ನಡುವಿನ ಬಿಂದು ಸೊನ್ನೆಯ ಮೇಲೇ ಬೀಳುವುದರಿಂದ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಬಾಯಿಪಾಠ ಅಲ್ಲಿ ಕೈಕೊಡುತ್ತದೆ.

ಆನ್‌ಲೈನ್ ಪಾಠ, ಪರೀಕ್ಷೆಗಳ ತಾಣವಾದ ಮೂಡಲ್‌ನಲ್ಲಿ ಗಣಿತದ ಉತ್ತರ ತಿದ್ದುವ ಸ್ಟ್ಯಾಕ್ ಪ್ಲಗಿನ್ ಹಾಕಿಸಿಕೊಳ್ಳುವ ನಿನ್ನ ಯೋಚನೆ ಒಳ್ಳೆಯದು. ಒಬ್ಬೊಬ್ಬರಿಗೂ ಬೇರೆ ಸಂಖ್ಯೆ ಕೊಡಬಹುದು. ಒಳಗೆ ಬೀಜಗಣಿತ ಮಾಡಬಲ್ಲ ಮ್ಯಾಕ್ಸಿಮಾ ತಂತ್ರಾಂಶ ಇರುವುದರಿಂದ ಇಂಟಿಗ್ರಲ್ಲಿನ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿ ತಾಳೆ ನೋಡುತ್ತದೆ, ಯಾವ ರೂಪದಲ್ಲಿ ಬರೆದರೂ ನಡೆಯುತ್ತದೆ. ಆದರೆ ಟೈಪ್ ಮಾಡುವಾಗ ಗುಣಾಕಾರದ ನಕ್ಷತ್ರ ಚಿಹ್ನೆ (*) ಬಿಟ್ಟು ಅಂಕ ಕಳೆದುಕೊಂಡವರು ಗಣಿತವೇ ಬಾರದು ಎಂದು ಕೂತುಬಿಡುತ್ತಾರೆ. ಮೊದಲ ಕ್ವಿಜ್ಜನ್ನು ಬರೀ ಟೈಪಿಂಗಿಗೆಂದು ಇಡು, ಅಂಕ ಬೇಡ. ಇದೆಲ್ಲ ನಿನಗೆ ಗೊತ್ತಿರಬಹುದು, ಮುದುಕನ ಚಪಲ ಅಂದುಕೋ.

ಪ್ರೊಜೆಕ್ಟರಿನಲ್ಲಿ ಗೆರೆ ದಪ್ಪ ಮಾಡು, ಹಳದಿ ಬಣ್ಣ ಹಿಂದಿನ ಬೆಂಚಿಗೆ ಕಾಣದು. ಕಾಲೇಜಿನ ನೆಟ್ ನಂಬಬೇಡ, ಆಫ್‌ಲೈನ್ ಆವೃತ್ತಿ ಇಳಿಸಿಟ್ಟುಕೋ. ಫೋನಿನಲ್ಲಿ ಮಾಡಿಸುವುದಾದರೆ ಮೂವರಿಗೊಂದು ಸಾಕು. ಒಬ್ಬರು ಹಿಡಿಯಲಿ, ಒಬ್ಬರು ಊಹೆ ಬರೆಯಲಿ, ಇನ್ನೊಬ್ಬರು ಕಾರಣ. ಪ್ರತಿ ಲೆಕ್ಕಕ್ಕೂ ಸ್ಥಾನ ಬದಲಿಸು, ಇಲ್ಲವಾದರೆ ಫೋನಿನವರು ಕೊನೆಯವರೆಗೂ ಫೋನಿನಲ್ಲೇ ಇರುತ್ತಾರೆ.

ಆ ಹಾಳೆಗಳ ಬಗ್ಗೆ ಇನ್ನೊಂದೇ ಮಾತು. ಇಂಟರ್ನಲ್ ಟೆಸ್ಟ್ ನಿನ್ನ ಕೈಯಲ್ಲಿದೆ. 3.035 ಬಂದ ಆ ಪರದೆಯನ್ನೇ ಪ್ರಿಂಟ್ ಹಾಕಿ, ಇದು ಯಾಕೆ ನಿಜವಿರಲಾರದು ಎಂದು ಮೂರು ಅಂಕಕ್ಕೆ ಕೇಳಿ ನೋಡು. ಖಾಲಿ ಬಿಟ್ಟವರನ್ನು ಕರೆದು ಎಲ್ಲಿ ನಿಂತೆ ಎಂದು ಕೇಳು, ಅವರು ಹೇಳಿದ್ದನ್ನು ನನಗೂ ಬರೆ.

ಇಂತಿ,
ನಿನ್ನ ದೊಡ್ಡಪ್ಪ