ಉಸು ‘ಆರಿಹೋದ’ ಬೆಟ್ಟವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪ್ರವಾಸ ಪುರವಣಿಯಲ್ಲಿ ಜಪಾನಿನ ಹೊಕ್ಕೈಡೊ ದ್ವೀಪದ ಉಸು ಬೆಟ್ಟದ ಬಗ್ಗೆ ಬಂದ ಬರಹ ಓದಿದೆ. ತೋಯಾ ಸರೋವರದ ವರ್ಣನೆ ಸೊಗಸಾಗಿತ್ತು. ಆದರೆ ಉಸುವನ್ನು ‘ಆರಿಹೋದ ಜ್ವಾಲಾಮುಖಿ’ ಎಂದದ್ದು ತಪ್ಪು. ರೋಪ್‌ವೇಯಲ್ಲಿ ಹತ್ತಿ ಫೋಟೊ ತೆಗೆದು ಇಳಿದರೆ ಸಾಕು, ಗೈಡ್ ಬೇಕಿಲ್ಲ ಎಂಬ ಸಲಹೆಯೂ ನನಗೆ ಸರಿ ಕಾಣಲಿಲ್ಲ.

ಕಳೆದ ಶತಮಾನದಲ್ಲಿ 1910, 1943–45, 1977–78 ಹೀಗೆ ಮೂರು ಸಲ, ಆಮೇಲೆ 2000ದ ಮಾರ್ಚ್ 31ರಂದು ಈ ಬೆಟ್ಟ ಕೆರಳಿದೆ. ನಡುವಿನ ಅಂತರ ಇಪ್ಪತ್ತು ಮೂವತ್ತು ವರ್ಷ, ಅಷ್ಟೇ. ಇದನ್ನು ಆರಿಹೋದದ್ದು ಅನ್ನುವುದು ಹೇಗೆ?

ಮಗಳು ಸಪ್ಪೊರೊದಲ್ಲಿದ್ದಾಗ ನಾನು ಅಲ್ಲಿಗೆ ಹೋಗಿದ್ದೆ. 2000ದ ಸ್ಫೋಟದಲ್ಲಿ ಬೆಟ್ಟದ ಬುಡದಲ್ಲಿ ಉಂಟಾದ ನಿಶಿಯಾಮ ಕುಳಿಗಳ ಕಾಲುಹಾದಿಯಲ್ಲಿ ಸ್ಥಳೀಯ ಗೈಡ್ ಒಬ್ಬರ ಜೊತೆ ನಡೆದೆವು. ಅವರ ಮಾತನ್ನು ಮಗಳು ಕನ್ನಡದಲ್ಲಿ ಹೇಳುತ್ತಿದ್ದಳು. ಒಂದು ಕೊಳ, ಅದರೊಳಗೆ ಅರ್ಧ ಮುಳುಗಿದ ರಸ್ತೆ ಫಲಕ. ಮಳೆನೀರು ನಿಂತಿರಬೇಕು ಅಂದುಕೊಂಡು ನಾನು ಮುಂದೆ ಹೊರಟಿದ್ದೆ. ಅವರು ನಿಲ್ಲಿಸಿ, ಇದು 230ನೇ ರಾಷ್ಟ್ರೀಯ ಹೆದ್ದಾರಿ ಅಂದರು. ಶಿಲಾರಸ ಕೆಳಗಿನಿಂದ ಒತ್ತಿ ನೆಲವನ್ನು ಸುಮಾರು 70 ಮೀಟರ್ ಮೇಲೆತ್ತಿತಂತೆ. ನೀರು ಹರಿದುಹೋಗುತ್ತಿದ್ದ ದಾರಿ ಕಟ್ಟಿಕೊಂಡು ಹೆದ್ದಾರಿಯೇ ಕೊಳವಾಗಿದೆ. ಇನ್ನೊಂದು ಕಡೆ ಡಾಂಬರು ಮೆಟ್ಟಿಲು ಮೆಟ್ಟಿಲಾಗಿ ಸೀಳಿದೆ. ಒಬ್ಬಳೇ ಬಂದಿದ್ದರೆ ಇದ್ಯಾವುದೂ ನನಗೆ ತಿಳಿಯುತ್ತಿರಲಿಲ್ಲ.

ಹಾದಿಯ ಕೊನೆಯಲ್ಲಿ ಒಂದು ಶಿಶುವಿಹಾರವಿದೆ. ಸಿಡಿದ ಕಲ್ಲುಗಳು ಬಡಿದ ಕಟ್ಟಡವನ್ನು ಹಾಗೆಯೇ ಉಳಿಸಿದ್ದಾರೆ. ಮೂವತ್ತೊಂದು ವರ್ಷ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು. “ಮಕ್ಕಳು?” ಅಂತಷ್ಟೇ ಕೇಳಿದೆ. ಮಗಳು ಅನುವಾದಿಸುವ ಮೊದಲೇ ಗೈಡ್‌ಗೆ ಅರ್ಥವಾಯಿತು. ಯಾರೂ ಇರಲಿಲ್ಲ ಅಂದರು. ಸ್ಫೋಟಕ್ಕೆ ನಾಲ್ಕು ದಿನ ಮೊದಲೇ ಭೂಕಂಪಗಳು ಶುರುವಾಗಿದ್ದವು. ಉಸು ಸಿಡಿಯುವ ಮುನ್ನ ನೆಲ ಹೀಗೆ ನಡುಗುತ್ತದೆಂದು ಹಿಂದಿನ ಸ್ಫೋಟಗಳ ದಾಖಲೆಯಿಂದ ವಿಜ್ಞಾನಿಗಳಿಗೆ ಗೊತ್ತಿತ್ತು. ಅಪಾಯದ ನಕ್ಷೆಯೂ ಸಿದ್ಧವಿತ್ತು. 10,000ಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಟರು, ಒಂದು ಜೀವವೂ ಹೋಗಲಿಲ್ಲ. ಆ ಗೋಡೆಯ ಮುಂದೆ ನಿಂತು ಇದನ್ನು ಕೇಳಿದಾಗ ನನ್ನ ಕಣ್ಣು ತುಂಬಿತು.

ಒಂದು ಪದಕ್ಕೆ ಇಷ್ಟು ಮಾತೇ ಎಂದು ತಮಗನ್ನಿಸಬಹುದು. 2014ರ ಸೆಪ್ಟೆಂಬರ್ 27ರಂದು ಜಪಾನಿನ ಇನ್ನೊಂದು ಜ್ವಾಲಾಮುಖಿಯಾದ ಒಂಟಾಕೆ ಬೆಟ್ಟ ಸಿಡಿದಾಗ ಅಲ್ಲಿ ಜಾರಿಯಲ್ಲಿದ್ದದ್ದು ಜ್ವಾಲಾಮುಖಿ ಎಚ್ಚರಿಕೆಯ 1ನೇ ಹಂತ, ಅಂದರೆ ಎಲ್ಲಕ್ಕಿಂತ ಕೆಳಗಿನದು. ಆ ಹಂತಕ್ಕೆ ಆಗ ‘ಸಾಮಾನ್ಯ ಸ್ಥಿತಿ’ ಎಂಬ ಹೆಸರಿತ್ತು. ಚಾರಣಕ್ಕೆ ಹೋದವರಲ್ಲಿ 58 ಮಂದಿ ಸತ್ತರು, ಐವರು ಸಿಗಲೇ ಇಲ್ಲ. ಮರುವರ್ಷ ಜಪಾನಿನ ಹವಾಮಾನ ಇಲಾಖೆ ಆ ಹೆಸರನ್ನು ತೆಗೆದು ‘ಇದು ಜೀವಂತ ಜ್ವಾಲಾಮುಖಿ ಎಂಬುದು ಗಮನದಲ್ಲಿರಲಿ’ ಎಂದು ಬದಲಿಸಿತು.

ಆದ್ದರಿಂದ ಮುಂದಿನ ಪುರವಣಿಯಲ್ಲಿ ದಯವಿಟ್ಟು ತಿದ್ದುಪಡಿ ಹಾಕಿ. ಹೊರಡುವ ಮುನ್ನ ಹವಾಮಾನ ಇಲಾಖೆಯ ಎಚ್ಚರಿಕೆ ಹಂತ ನೋಡಿಕೊಳ್ಳಬೇಕು, ಚಳಿಗಾಲದಲ್ಲಿ ಕುಳಿಗಳ ಹಾದಿ ಮುಚ್ಚಿರುತ್ತದೆ ಎಂಬುದನ್ನೂ ಸೇರಿಸಿ. ಅಲ್ಲಿ ‘ಜ್ವಾಲಾಮುಖಿ ಮೈಸ್ಟರ್’ (ಪರಿಣತ) ಎಂದು ಮಾನ್ಯತೆ ಪಡೆದ ಸ್ಥಳೀಯರಿದ್ದಾರೆ; ಅವರ ಜೊತೆ ನಡೆದು ನೋಡಿ ಎಂದು ಓದುಗರಿಗೆ ಹೇಳಿ. ಬೇಸಿಗೆ ರಜೆಗೆ ಜಪಾನಿಗೆ ಟಿಕೆಟ್ ಮಾಡಿಸಿದವರು ತಮ್ಮ ಪುರವಣಿಯನ್ನು ಕತ್ತರಿಸಿ ಇಟ್ಟುಕೊಂಡಿರುತ್ತಾರೆ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ